ಪಾವರ್ತಿ ಹೊಳೆ ದಾಟಿದ್ದು

ಧರೆ ಜಾರುವ ಮೊದಲು ಒಂದು ಸದ್ದು ಬರುತ್ತದೆ. ಗುಡುಗಿನದ್ದಲ್ಲ. ಹಳೇ ಗೋಣಿಚೀಲವನ್ನು ಯಾರೋ ಮೆಲ್ಲಗೆ ಹರಿದ ಹಾಗೆ. 2019ರ ಆಗಸ್ಟ್ 7, ಬುಧವಾರ, ಬೆಳಗಿನ ಜಾವ ಆ ಸದ್ದು ಕೇಳಿದಾಗ ನಾನು ನನ್ನ ಕಾದಂಬರಿಯ 214ನೇ ಪುಟದಲ್ಲಿದ್ದೆ. ಎದುರಿಗೆ ಚಿಮಣಿ ಬುಡ್ಡಿ, ಕೈಯಲ್ಲಿ ಕೆಂಪು ಪೆನ್ನು, ಪಕ್ಕದಲ್ಲಿ ಕಂಬಳಿ ಹೊದ್ದು ಕೂತ ಅಮ್ಮ. “ಏನಾ ಅದು?” ಎಂದಳು. “ಇಲಿ” ಎಂದೆ. ಸುಳ್ಳು. ವಾಕ್ಯ ಅರ್ಧದಲ್ಲಿತ್ತು, ಮುಗಿಸಿಯೇ ಏಳೋಣ ಅಂದುಕೊಂಡಿದ್ದೆ.

ಏಳು ವರ್ಷ ಒಂದೇ ಪುಸ್ತಕದ ಜೊತೆ ಏಗಿದವನಿಗೆ ಇಂಥ ಬುದ್ಧಿ ಬರುತ್ತದೆ.

ನಮ್ಮ ತೋಟ ಇರುವುದು ತೀರ್ಥಹಳ್ಳಿ ತಾಲ್ಲೂಕಿನ ಒಂದು ಮೂಲೆಯಲ್ಲಿ, ಆಗುಂಬೆಯ ಮಳೆ ಹೇಳದೆ ಕೇಳದೆ ಬಂದು ಬೀಳುವ ಕಡೆ. 2012ರ ಮಳೆಗಾಲ. ಕೊಳೆರೋಗಕ್ಕೆ ಬೋರ್ಡೋ ಹೊಡೆಸಬೇಕು, ಮಳೆ ಹೊಳವು ಕೊಡುತ್ತಿಲ್ಲ. ಹೊತ್ತು ಹೋಗದೆ ಕಿರ್ದಿ ಪುಸ್ತಕದ ಹಿಂಬದಿಯಲ್ಲಿ ಪಾರ್ವತಿ ಎಂಬವಳ ಕಥೆ ಶುರುಮಾಡಿದೆ. ಬಿಸಿಲು ಬಂತು, ಬೋರ್ಡೋ ಆಯಿತು, ಪಾರ್ವತಿ ಮಾತ್ರ ನಿಲ್ಲಲಿಲ್ಲ. ಆರು ಕಿರ್ದಿ ಪುಸ್ತಕ ತುಂಬಿದವು. ಮುಗಿದ ದಿನ ಅದನ್ನು ಅಟ್ಟದ ಟ್ರಂಕಿಗೆ ಹಾಕಿ ಒಂದು ಅಡಿಕೆ ಕೊಯ್ಲು ಮುಗಿಯುವ ತನಕ ಮುಟ್ಟಲಿಲ್ಲ. ಆಮೇಲೆ ತೆಗೆದು ಓದಿದರೆ ಬೇರೆ ಯಾರೋ ಬರೆದಂತಿತ್ತು, ಆ ಯಾರೋ ವಿಪರೀತ ವಾಚಾಳಿ. ಎರಡನೇ ಸಲ ಬರೆಯುವಾಗ ‘ನಾನು’, ‘ನಾನು’ ಎಂದು ಕಥೆ ಹೇಳುತ್ತಿದ್ದ ಮೊಮ್ಮಗನನ್ನೇ ಓಡಿಸಿದೆ. ಮೂರನೆಯದನ್ನು ‘ನುಡಿ’ಯಲ್ಲಿ ಎರಡು ಬೆರಳಿನಿಂದ ಟೈಪ್ ಮಾಡಿದೆ. ಪ್ರಕಾಶಕರೊಬ್ಬರು ವರ್ಷ ಇಟ್ಟುಕೊಂಡು ಉತ್ತರ ಕೊಡಲಿಲ್ಲ, ಇನ್ನೊಬ್ಬರು ಉತ್ತರದ ಜೊತೆ ಖರ್ಚಿನ ಪಟ್ಟಿಯನ್ನೂ ಕೊಟ್ಟರು. ಖರ್ಚು ಹೇಗೂ ನನ್ನದೇ ಅಂದಮೇಲೆ ಹೆಸರೂ ನನ್ನದೇ ಇರಲಿ ಎಂದು ನಾನೇ ಪ್ರಕಾಶಕನಾದೆ. ಐಎಸ್‌ಬಿಎನ್ ಸಂಖ್ಯೆಯನ್ನು ರಾಜಾ ರಾಮಮೋಹನ ರಾಯ್ ಹೆಸರಿನ ಸರ್ಕಾರಿ ಏಜೆನ್ಸಿ ಕಾಸಿಲ್ಲದೆ ಕೊಟ್ಟಿತು. ಈ ಇಡೀ ದಂಡಯಾತ್ರೆಯಲ್ಲಿ ಪುಕ್ಕಟೆ ಸಿಕ್ಕಿದ್ದು ಅದೊಂದೇ. ಉಳಿದದ್ದಕ್ಕೆ ಮನೆಯಲ್ಲಿದ್ದ ರಾಶಿ ಇಡಿ ಅಡಿಕೆ ಮಾರಿದೆ.

ಆಗಸ್ಟ್ 3ರ ಶನಿವಾರ ಕರಡುಪ್ರತಿ ಬಂತು. ಮೊದಲ ಪುಟದ ಮೊದಲ ಸಾಲಿನಲ್ಲೇ ಎದೆ ಧಸಕ್ಕೆಂದಿತು. ‘ಸೂಯರ್ ಮುಳುಗುವ ಹೊತ್ತಿಗೆ ಪಾವರ್ತಿ ಅಂಗಳಕ್ಕೆ ಬಂದಳು.’

ಆದದ್ದು ಇಷ್ಟು. ನಾನು ಬಳಸಿದ ನುಡಿಯ ಹಳೇ ಫಾಂಟಿನಲ್ಲಿ ಕನ್ನಡ ಇರುವುದು ವೇಷ ಹಾಕಿಕೊಂಡು. ಫಾಂಟ್ ಕಳಚಿದರೆ ‘ಕನ್ನಡ’ ಎಂದಿದ್ದ ಕಡೆ ತಲೆಗೆ ಗೀಟೆಳೆದ ಇಂಗ್ಲಿಷ್ ‘ಎ’ಗಳು, ನಡುವೆ ಒಂದು ಪೌಂಡ್ ಚಿಹ್ನೆ. ಅಲ್ಲಿ ಅರ್ಕಾವತ್ತು ಅಕ್ಷರದ ಹಿಂದೆ ಬಂದು ನಿಲ್ಲುತ್ತದೆ, ನಾವು ಕೈಯಲ್ಲಿ ಬರೆಯುವ ಹಾಗೆ. ಯೂನಿಕೋಡಿನಲ್ಲಿ ಮುಂದೆ, ಬಾಯಲ್ಲಿ ಹೇಳುವ ಹಾಗೆ. ಡಿಟಿಪಿ ಹುಡುಗ ಯಾವುದೋ ಹಳೇ ಪರಿವರ್ತಕಕ್ಕೆ ಕೊಟ್ಟ, ಅದು ಸ್ಥಾನಪಲ್ಲಟ ಮಾಡದೆ ಹಾಗೇ ಉಗುಳಿತು. ಧರ್ಮ ‘ಧಮರ್’, ವರ್ಷ ‘ವಷರ್’. ಫೋನಿನಲ್ಲಿ ಕೂಗಾಡಿದೆ. ಪಾಪ, ಒಟ್ಟಿಗೆ ತಿರುಗಿಸಲು ನೋಡಿದ್ದನಂತೆ. ಆಗ ‘ಪೇಪರ್’ ಓದುತ್ತಿದ್ದ ಮಾಸ್ತರು ‘ಪೇರ್ಪ’ ಓದತೊಡಗಿದರಂತೆ. ಒಂದೊಂದೇ ತಿದ್ದದೆ ಗತಿಯಿಲ್ಲ. ಸಾಲದ್ದಕ್ಕೆ ಲೆಕ್ಕವೂ ತಪ್ಪಿತ್ತು. ಡೆಮಿ 1/8ರಲ್ಲಿ ಒಂದು ಫಾರಂ ಎಂದರೆ 16 ಪುಟ. 18 ಫಾರಂ, 288 ಪುಟ ಎಂದು ಮಾತಾಗಿತ್ತು. ಈಗ ಪುಸ್ತಕ 291ಕ್ಕೆ ಉಕ್ಕಿತ್ತು. ಮೂರು ಪುಟಕ್ಕಾಗಿ ಹತ್ತೊಂಬತ್ತನೇ ಫಾರಮ್ಮಿನ ದುಡ್ಡು ಕೊಡಬೇಕು. ಶಿವಮೊಗ್ಗದ ಮುದ್ರಣಾಲಯದವರದ್ದು ಒಂದೇ ಮಾತು: ಶುಕ್ರವಾರ ಪ್ಲೇಟ್ ಮಾಡದಿದ್ದರೆ ಚೌತಿಯ ಚಂದಾ ರಸೀದಿಗಳು ಶುರು, ಆಮೇಲೆ ದಸರಾ, ನಿಮ್ಮ ಸರದಿ ದೀಪಾವಳಿಗೆ.

ನಾಗರಪಂಚಮಿಯ ಸಂಜೆ ಕರೆಂಟು ಹೋಯಿತು. ಮರುದಿನ ಫೋನೂ ಸತ್ತಿತು. ಲ್ಯಾಪ್‌ಟಾಪು ಅದಕ್ಕೂ ಮೊದಲೇ. ಮಳೆ ಸುರಿಯುವುದನ್ನು ಬಿಟ್ಟು ನಿಂತಲ್ಲೇ ನಿಂತಿತ್ತು, ಗೋಡೆಯ ಹಾಗೆ. ಹೊಳೆಯ ಸದ್ದು ಜಗಲಿಗೇ ಬಂತು. ನಾನು ಕರಡು ಹರಡಿಕೊಂಡು ಗಟ್ಟಿಯಾಗಿ ಓದತೊಡಗಿದೆ, ಪುಟಕ್ಕೆ ಹತ್ತೋ ಹದಿನೈದೋ ಅರ್ಕಾವತ್ತು, ಸುತ್ತು ಹಾಕು, ಬಾಣ ಎಳೆ, ಮುಂದೆ. ಒದ್ದೆಯಾದ ಹಾಳೆ ಬಚ್ಚಲ ಒಲೆಯ ಮೇಲಿನ ತಟ್ಟಿಗೆ, ಒಣಗಿದ್ದು ವಾಪಸ್ ಮಡಿಲಿಗೆ. ಕಣ್ಣು ಸುಳ್ಳು ಹೇಳುತ್ತದೆ, ಇರಬೇಕಾದ ಅಕ್ಷರವನ್ನೇ ಕಾಣುತ್ತದೆ. ಅದಕ್ಕೇ ಇದ್ದದ್ದನ್ನು ಇದ್ದಹಾಗೇ ಬಾಯಿಬಿಟ್ಟು ಓದಿದೆ. “ಪಾವರ್ತಿ ಯಾರಾ? ಹೊಸಬಳಾ?” ಎಂದು ಅಮ್ಮ ಕೇಳಿದಳು. ಅಚ್ಚಿನ ತಪ್ಪು ಎಂದು ವಿವರಿಸಿದೆ. ತಲೆಯಾಡಿಸಿದಳು. ಹತ್ತು ಪುಟದ ಮೇಲೆ, “ಪಾವರ್ತಿ ಗಂಡನ ಮನೆಗೆ ಯಾಕೆ ಹೋಗ್ತಾಳೆ, ಬುದ್ಧಿಯಿಲ್ಲದವಳು” ಎಂದಳು. ಬಿಟ್ಟುಬಿಟ್ಟೆ.

ಮಂಗಳವಾರ ಮಧ್ಯಾಹ್ನ ಒಂಬತ್ತನೇ ಅಧ್ಯಾಯ. ಹತ್ತೊಂಬತ್ತು ಪುಟ. ಅಡಿಕೆ ವ್ಯಾಪಾರ, ದಲ್ಲಾಳಿಗಳು, ಘಟ್ಟ ಇಳಿಯುವ ಗಾಡಿಗಳು. ಎರಡು ವರ್ಷ ಹಳೇ ಲೆಕ್ಕದ ಪುಸ್ತಕ ತಡಕಿ ಬರೆದದ್ದು, ಇಡೀ ಕಾದಂಬರಿಯಲ್ಲಿ ನನಗೆ ಅತಿ ಪ್ರಿಯವಾದದ್ದು. ಮೂರನೇ ಪುಟಕ್ಕೆ ಅಮ್ಮ ಆಕಳಿಸಿದಳು. ಐದನೇ ಪುಟಕ್ಕೆ ಗೊರಕೆ. ನಾನು ಓದುತ್ತಲೇ ಹೋದೆ, ಹಠಕ್ಕೆ. ಗೊರಕೆಯೂ ಹೋಯಿತು, ಹಠಕ್ಕೆ. ಅಧ್ಯಾಯ ಮುಗಿದು ‘ಪಾವರ್ತಿ ದೀಪ ಹಚ್ಚಿದಳು’ ಎಂದದ್ದೇ ತಡ, ಕಣ್ಣು ಬಿಟ್ಟು “ಹ್ಞಾ, ಹೇಳು” ಎಂದಳು.

ಸ್ವಂತ ದುಡ್ಡಿನಲ್ಲಿ ಪುಸ್ತಕ ಹಾಕುವವನನ್ನು ತಡೆಯುವವರು ಯಾರೂ ಇರುವುದಿಲ್ಲ. ಇದನ್ನು ಸ್ವಾತಂತ್ರ್ಯ ಎನ್ನುತ್ತಾರೆ. ಬ್ರೇಕಿಲ್ಲದ ಲಾರಿಗೂ ಅದು ಇರುತ್ತದೆ. 291ರಲ್ಲಿ 19 ಕಳೆದೆ. 272. ಹದಿನೇಳು ಫಾರಂ, ಒಂದು ಪುಟ ಹೆಚ್ಚಿಲ್ಲ, ಒಂದು ಕಡಿಮೆಯಿಲ್ಲ. ಬೆನ್ನಹುರಿಯಲ್ಲಿ ಚಳಿ ಹರಿಯಿತು. ಆ ಹಾಳೆಗಳನ್ನು ಬಚ್ಚಲ ಒಲೆಗೆ ಹಾಕಿದೆ. ನೀರು ಚೆನ್ನಾಗಿ ಕಾಯಿತು.

ಆ ರಾತ್ರಿ ಬೆಳಗಾಗುವ ಹೊತ್ತಿಗೆ ಗೋಣಿಚೀಲ ಹರಿದದ್ದು. ಮತ್ತೊಮ್ಮೆ ಹರಿಯಿತು, ಈಗ ಉದ್ದಕ್ಕೆ. ನೆಲ ಒಮ್ಮೆ ಜಗ್ಗಿತು. ಹಿತ್ತಿಲ ಬಾಗಿಲು ತೆರೆದರೆ ಬಚ್ಚಲಿಲ್ಲ! ಬಚ್ಚಲಿದ್ದಲ್ಲಿ ಕೆಂಪು ಮಣ್ಣು, ಮಣ್ಣಿನಲ್ಲಿ ತಲೆಕೆಳಗಾದ ಹಲಸಿನ ಮರ, ಅದರ ಬೇರಿನಿಂದ ನೀರು ನಲ್ಲಿಯ ಹಾಗೆ. ಆಚೆಮನೆ ದೊಡ್ಡಣ್ಣ ಹೊಳೆಯಾಚೆ ಟಾರ್ಚು ಬೀಸುತ್ತಾ ಕೂಗುತ್ತಿದ್ದ. ಕೂಗು ಕೇಳುತ್ತಿಲ್ಲ, ಬೆಳಕು ಮಾತ್ರ. ನಾನು ಒಳಗೆ ಓಡಿದೆ, ಗೊಬ್ಬರದ ಪ್ಲಾಸ್ಟಿಕ್ ಚೀಲ ಹುಡುಕಿದೆ, ಕರಡನ್ನು ಒಂದರೊಳಗೆ ತುರುಕಿ ಅದನ್ನು ಇನ್ನೊಂದರೊಳಗೆ ತುರುಕಿದೆ, ಬಾಳೆಪಟ್ಟೆಯ ಹಗ್ಗ ಬಿಗಿದೆ, ಬೆನ್ನಿಗೆ ಕಟ್ಟಿದೆ. ಆಮೇಲೆ ಅಮ್ಮನ ಕೈ ಹಿಡಿದೆ. ಈ ಕ್ರಮದಲ್ಲೇ ನಡೆದದ್ದು. ಅಮ್ಮನ ಮಾತ್ರೆಯ ಡಬ್ಬಿ ದೇವರ ಗೂಡಿನ ಪಕ್ಕದಲ್ಲೇ ಉಳಿಯಿತು. ಅವಳು ಅದನ್ನು ನೋಡಿದಳು, ನನ್ನ ಬೆನ್ನನ್ನೂ ನೋಡಿದಳು, ಏನೂ ಹೇಳಲಿಲ್ಲ.

ಕಾಲುಸಂಕ ಎಂದರೆ ಮೂರು ಅಡಿಕೆ ಮರ, ಹಿಡಿಯಲು ಒಂದು ಹಗ್ಗ. ಆ ಬೆಳಗ್ಗೆ ಮರ ಕಾಣುತ್ತಿರಲಿಲ್ಲ, ಅದರ ಮೇಲೆ ಮೊಣಕಾಲುದ್ದ ನೀರು. ದೊಡ್ಡಣ್ಣ ಆಚೆಯಿಂದ ದಾಟಿ ಬಂದ. ಅಮ್ಮನನ್ನು ಕಂಬಳಿಯ ಸಮೇತ ಬೆನ್ನಿಗೇರಿಸಿಕೊಂಡ. ಒಂದು ಹೆಜ್ಜೆ. ನಿಂತ. ಇನ್ನೊಂದು. “ಹಗ್ಗ ಬಿಡ್ಬೇಡ ಮಾರಾಯಾ!” ಎಂದು ನನಗೆ ಅರಚಿದ. ಅವರು ದಡ ಮುಟ್ಟಿದ್ದು ಕಂಡಮೇಲೆ ನಾನು ಕಾಲಿಟ್ಟೆ. ಬೆನ್ನಿನ ಚೀಲಕ್ಕೆ ಗಾಳಿ ಹೊಕ್ಕು ಅದು ಹಾಯಿಯಾಯಿತು. ನಡುವೆ ಎಡಗಾಲು ಜಾರಿತು, ಎದೆ ಹಗ್ಗಕ್ಕೆ ಬಡಿಯಿತು, ಮೂಗಿನ ಮೇಲಿನ ಕನ್ನಡಕ ಹಾರಿತು. ಅದು ಬಿದ್ದದ್ದು ನನಗೆ ಕಾಣಲೂ ಇಲ್ಲ. ಆಮೇಲಿನ ಅರ್ಧ ಹೊಳೆಯನ್ನು ಮಂಜಿನೊಳಗೆ ಹಗ್ಗ ಎಣಿಸುತ್ತಾ ದಾಟಿದೆ. ದೊಡ್ಡಣ್ಣನ ಜಗಲಿಯಲ್ಲಿ ಮೊದಲು ಚೀಲ ಬಿಚ್ಚಿದೆ, ಒಣಗಿತ್ತು. ಆಮೇಲೆ ಕಾಲಿನ ಉಂಬಳ ಕಿತ್ತೆ.

ಇಷ್ಟು ಮಾಡಿದ್ದು ಯಾತಕ್ಕೆ? ಆ ಶುಕ್ರವಾರದ ಹೊತ್ತಿಗೆ ತುಂಗೆ ಶಿವಮೊಗ್ಗದ ತಗ್ಗಿನ ಬಡಾವಣೆಗಳಿಗೇ ನುಗ್ಗತೊಡಗಿದ್ದಳು. ಮುದ್ರಣಾಲಯದವರು ಕಾಗದದ ರೀಮುಗಳನ್ನು ಮೇಲಂತಸ್ತಿಗೆ ಹೊರುತ್ತಿದ್ದರು. ಯಾರ ಪ್ಲೇಟೂ ಇಲ್ಲ, ಯಾರ ಚೌತಿಯೂ ಇಲ್ಲ. ನನ್ನ ಸರದಿ ಕೊನೆಗೆ ದೀಪಾವಳಿಗೇ ಬಂತು.

ನಡುವಿನ ದಿನಗಳಲ್ಲಿ ತೀರ್ಥಹಳ್ಳಿಯ ಡಿಟಿಪಿ ಅಂಗಡಿಯಲ್ಲಿ ಕೂತೆ. ಹೊಸ ಕನ್ನಡಕ ಬರುವ ತನಕ ಆ ಹುಡುಗನೇ ಓದಿ ಹೇಳಬೇಕು, ನಾನು ಕೇಳಿ ತಿದ್ದಬೇಕು. ಅವನು ಲಗ್ನಪತ್ರಿಕೆ, ಕರಪತ್ರ ಬಿಟ್ಟರೆ ಏನನ್ನೂ ಪೂರ್ತಿ ಓದಿದವನಲ್ಲ. ಆರಂಭದಲ್ಲಿ ಶೋಕಪತ್ರದ ಧಾಟಿಯಲ್ಲಿ ಓದುತ್ತಿದ್ದ. ಮೂರನೇ ದಿನ ಚಹಾ ಆರಿದ್ದೂ ಗೊತ್ತಾಗದೆ ಓದಿದ. ಹದಿನೆಂಟನೇ ಅಧ್ಯಾಯದಲ್ಲಿ ಒಮ್ಮೆಲೇ ನಿಲ್ಲಿಸಿ, “ಸಾರ್, ಈ ಕೆಂದ ಎತ್ತು ಆರನೇ ಅಧ್ಯಾಯದಲ್ಲಿ ಸತ್ತಿತ್ತಲ್ಲ?” ಎಂದ.

ಸತ್ತಿತ್ತು. ಪಾರ್ವತಿ ಅತ್ತಿದ್ದಳು. ಮೂರು ಕರಡು, ಏಳು ವರ್ಷ, ಎರಡು ರಾತ್ರಿಯ ಕೆಂಪು ಪೆನ್ನು, ಯಾವುದಕ್ಕೂ ಸಿಗದೆ ಆ ಎತ್ತು ಹನ್ನೆರಡು ಅಧ್ಯಾಯದ ನಂತರ ಎದ್ದು ಬಂದು ಗದ್ದೆ ಉಳುತ್ತಿತ್ತು. ಅಲ್ಲೇ ಕೂತು ಅದನ್ನು ನೆರೆಮನೆಯಿಂದ ಎರವಲು ತಂದ ಬಿಳಿ ಎತ್ತು ಮಾಡಿದೆ. ಹಾಗೆ ಮಾಡಿದ್ದೇ ಪಾರ್ವತಿ ಎತ್ತು ಕೇಳಲು ನೆರೆಮನೆಯ ಮೆಟ್ಟಿಲು ಹತ್ತಬೇಕಾಯಿತು. ಆ ಮೆಟ್ಟಿಲನ್ನು ಇನ್ನೆಂದೂ ಹತ್ತುವುದಿಲ್ಲ ಎಂದು ಅವಳು ಎರಡು ಅಧ್ಯಾಯ ಹಿಂದೆಯೇ ಆಣೆ ಇಟ್ಟಿದ್ದಳು. ಕಾದಂಬರಿಯಲ್ಲಿ ಏನಾದರೂ ಜೀವ ಇದ್ದರೆ ಅದು ಆ ಮೆಟ್ಟಿಲಲ್ಲಿದೆ. ನನ್ನ ಹೆಸರಿನಲ್ಲಿ ಅಚ್ಚಾಗಿದೆ, ಕೊಟ್ಟದ್ದು ಹುಡುಗ.

ಐನೂರು ಪ್ರತಿ. ಹಾವೇರಿ ಕಡೆಯ ಗಳಗನಾಥರು ತಮ್ಮ ಕಾದಂಬರಿಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರುತ್ತಿದ್ದರು ಎಂದು ಎಲ್ಲರೂ ಗೌರವದಿಂದ ಹೇಳುತ್ತಾರೆ. ಹೊತ್ತವನಿಗೆ ಗೊತ್ತು, ಪುಸ್ತಕದಷ್ಟು ಭಾರ ಅಡಿಕೆಯೂ ಇಲ್ಲ. ಹೊಸ ಕಾಲುಸಂಕದ ಮೇಲೆ ಮೊದಲ ಕಟ್ಟನ್ನು ತಲೆಮೇಲೆ ಇಟ್ಟುಕೊಂಡು ದಾಟಿದೆ, ಈ ಸಲ ಬಲಗೈಯಲ್ಲಿ ಅಮ್ಮನ ಮಾತ್ರೆಯ ಡಬ್ಬಿ. ಅದು ಸಿಕ್ಕಿತ್ತು, ದೇವರ ಗೂಡು ಬಿದ್ದಿರಲಿಲ್ಲ.

ಅಮ್ಮ ಪುಸ್ತಕ ಮೂಸಿದಳು. ಕನ್ನಡಕ ಏರಿಸಿ ಬೆರಳಿಟ್ಟು ಮೊದಲ ಪುಟ ಓದಿದಳು, ಎರಡನೆಯದು ಓದಿದಳು, ಮೂರನೆಯದನ್ನು ತಿರುವಿ ನೋಡಿದಳು.

“ಇದರಲ್ಲಿ ಪಾವರ್ತಿ ಎಲ್ಲಾ?”