ಹೊಸ್ತಿಲವರೆಗೆ ಹೋದ ಮಾಸ್ತರರು

ಪ್ರತಿ ವರ್ಷ ಸೆಪ್ಟೆಂಬರ್ 5ರಂದು ಹಳೆಯ ವಿದ್ಯಾರ್ಥಿಗಳು ದೂರವಾಣಿಯಲ್ಲಿ ಶುಭ ಕೋರುತ್ತಾರೆ. ಕಿತ್ತೂರಿನ ಕಡೆ ಪ್ರಾಥಮಿಕ ಶಿಕ್ಷಕನಾಗಿರುವ ಒಬ್ಬ ಶಿಷ್ಯ ಈ ಸಲ, "ಸರ್, ನಿಮಗೆ ಕಲಿಸುವುದನ್ನು ಕಲಿಸಿದವರು ಯಾರು?" ಎಂದು ಕೇಳಿದ. ಬಿ.ಎಡ್. ಕಾಲೇಜಿನ ಹೆಸರು ಬಾಯಿಗೆ ಬಂದಿತ್ತು. ಆದರೆ ಕಣ್ಣ ಮುಂದೆ ಬಂದು ನಿಂತವರು ಬೈಲಹೊಂಗಲ ತಾಲೂಕಿನ ನಮ್ಮ ಹಳ್ಳಿಯ ಕನ್ನಡ ಸಾಲೆಯ ಮಾಸ್ತರರು.

ಅವರು ರಾಮದುರ್ಗದ ನೇಕಾರರ ಮನೆತನದವರು. ಅವರ ಬಾಲ್ಯದಲ್ಲಿ ರಾಮದುರ್ಗ ಒಂದು ಸಂಸ್ಥಾನ. 1948ರಲ್ಲಿ ಅದು ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ತಂದೆಯ ಮಗ್ಗದ ಬಳಿ ಕುಳಿತು ಕಂಡಿಕೆ ಸುತ್ತುತ್ತ ಮಗ್ಗಿ ಬಾಯಿಪಾಠ ಮಾಡಿದವರು ಅವರು. ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆಯೇ ಅವರ ಪದವಿ. ಆಗ ಮುಲ್ಕಿ ಪಾಸಾದವರು ಸಾಲೆ ಮಾಸ್ತರರಾಗಬಹುದಿತ್ತು. ದುಡಿಯುವ ಮಗುವಿನ ಕಷ್ಟವನ್ನು ಅವರು ಪುಸ್ತಕದಿಂದ ತಿಳಿಯಬೇಕಾಗಿರಲಿಲ್ಲ.

ಒಮ್ಮೆ ನಮ್ಮನ್ನು ಬೈಲಹೊಂಗಲಕ್ಕೆ ನಡೆಸಿಕೊಂಡು ಹೋಗಿ ರಾಣಿ ಚೆನ್ನಮ್ಮನ ಸಮಾಧಿಯ ಮುಂದೆ ನಿಲ್ಲಿಸಿದರು. "ಕಿತ್ತೂರಿನ ಯುದ್ಧ 1824, ರಾಣಿ ತೀರಿದ್ದು 1829. ನಡುವಿನ ವರ್ಷ ಆಕೆ ಎಲ್ಲಿದ್ದಳು?" ಎಂದರು. ನಾವು ಸುಮ್ಮನಿದ್ದೆವು. "ಇದೇ ಊರಿನ ಕೋಟೆಯೊಳಗ, ಸೆರೆಯೊಳಗ" ಎಂದು ಮೆಲ್ಲಗೆ ಹೇಳಿದರು. ಆ ಇಸವಿಗಳು ನನಗೆ ಇಂದಿಗೂ ಮರೆತಿಲ್ಲ.

ಸುಗ್ಗಿಯಲ್ಲಿ ಸಾಲೆ ಬರಿದಾಗುತ್ತಿತ್ತು. ಮಕ್ಕಳೆಲ್ಲ ಹತ್ತಿ ಬಿಡಿಸಲು ಹೋಗುತ್ತಿದ್ದರು. ಮಾಸ್ತರರು ಯಾರನ್ನೂ ಹೊಡೆಯಲಿಲ್ಲ. ಸಂಜೆ ಮನೆಮನೆಗೆ ಹೋಗಿ ಹೊಸ್ತಿಲ ಹೊರಗೆ ನಿಂತು ವಿಚಾರಿಸುತ್ತಿದ್ದರು. ರಾತ್ರಿ ಗುಡಿಯ ಕಟ್ಟೆಯ ಮೇಲೆ ಕಂದೀಲು ಹಚ್ಚಿ ಕಲಿಸುತ್ತಿದ್ದರು. ಹತ್ತಿ ಬಿಡಿಸಿದ ಕೂಲಿಯ ಲೆಕ್ಕವೇ ಅಂದಿನ ಗಣಿತ. ನನ್ನ ಗೆಳೆಯನೊಬ್ಬ ತಾಯಿಯ ಕೂಲಿಯಲ್ಲಿ ಆದ ತಪ್ಪನ್ನು ಹಿಡಿದು ತೋರಿಸಿದ. ಮರುದಿನದಿಂದ ಆ ತಾಯಿಯೇ ಅವನನ್ನು ಸಾಲೆಗೆ ಕಳುಹಿಸತೊಡಗಿದಳು.

1985ರಲ್ಲಿ ನನಗೆ ನೌಕರಿ ದೊರೆತಾಗ ಆಶೀರ್ವಾದ ಬೇಡಲು ಹೋದೆ. "ತಮ್ಮಾ, ಹಾಜರಿಯೊಳಗ ಗೈರು ಅಂತ ಬರದ್ರ ನಮ್ಮ ಕೆಲಸ ಮುಗೀಲಿಲ್ಲ. ಅಲ್ಲಿಂದನ ಚಾಲೂ ಆಗತೈತಿ" ಎಂದರು. ನಾನು ತಲೆಯಾಡಿಸಿದೆ.

ಸವದತ್ತಿ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿದ್ದಾಗ ಎಂಟನೆಯ ತರಗತಿಯ ಹುಡುಗಿಯೊಬ್ಬಳು ಬನದ ಹುಣ್ಣಿಮೆಯ ಜಾತ್ರೆಯ ನಂತರ ಬರಲೇ ಇಲ್ಲ. ಜಾಣೆ, ಅಕ್ಷರ ಮುತ್ತಿನಂತಿದ್ದವು. ಪರೀಕ್ಷೆ ಸಮೀಪಿಸಿತ್ತು, ಪಠ್ಯ ಮುಗಿಸಬೇಕಿತ್ತು. ಕೆಲವು ವಾರ ಗೈರು ಬರೆದೆ. ಆಮೇಲೆ ಹೆಸರಿಗೆ ಕೆಂಪು ಗೆರೆ ಎಳೆದೆ. ನಾಲ್ಕು ವರ್ಷಗಳ ಬಳಿಕ ಬಸ್ ನಿಲ್ದಾಣದಲ್ಲಿ ಅವಳೇ ಗುರುತಿಸಿ ನಮಸ್ಕರಿಸಿದಳು. ಕಂಕುಳಲ್ಲಿ ಕೂಸು. "ಯಾಕವ್ವಾ ಸಾಲಿ ಬಿಟ್ಟಿ?" ಎಂದೆ. "ಅವ್ವಗ ಆರಾಮ ಇರಲಿಲ್ಲರಿ ಸರ್. ನೀವು ಯಾರರೆ ಬಂದು ಅಪ್ಪಗ ಒಂದು ಮಾತು ಹೇಳತೀರಿ ಅಂತ ದಾರಿ ನೋಡಿದ್ನಿ" ಎಂದಳು. ಆ ಮಾತಿನಲ್ಲಿ ಕೋಪವಿರಲಿಲ್ಲ. ಇದ್ದಿದ್ದರೆ ನನಗೆ ತುಸು ಹಗುರವಾಗುತ್ತಿತ್ತೇನೋ. ಅವಳ ಊರು ನಮ್ಮ ಶಾಲೆಯಿಂದ ಎರಡೇ ಮೈಲಿ.

ಶಿಕ್ಷಣ ಹಕ್ಕು ಕಾಯ್ದೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ; 6ರಿಂದ 14 ವರ್ಷದ ಮಕ್ಕಳಿಗೆ ಅದು ಶಾಲೆಯ ಹಕ್ಕನ್ನು ಕೊಟ್ಟಿದೆ. ಆದರೆ ಕಾಯ್ದೆ ತಾನಾಗಿ ನಡೆದು ಹೊಸ್ತಿಲಿಗೆ ಹೋಗದು, ಯಾರಾದರೂ ಹೋಗಬೇಕು. ಆ ಹುಡುಗಿಯನ್ನು ಕಂಡ ಮೇಲೆ, ನಿವೃತ್ತನಾಗುವವರೆಗೂ ನಾನು ಹೋದೆ. ಎಲ್ಲ ಮಕ್ಕಳೂ ಮರಳಲಿಲ್ಲ; ಕೆಲವರು ಮರಳಿದರು. ಇದನ್ನು ಓದುತ್ತಿರುವವರಲ್ಲಿ ಅಂಥ ಇಬ್ಬರಿದ್ದಾರೆ.

ಇಷ್ಟನ್ನೂ ಶಿಷ್ಯನಿಗೆ ಹೇಳಿದೆ. ಅವನು ಸ್ವಲ್ಪ ಹೊತ್ತು ಮಾತನಾಡಲಿಲ್ಲ. ಬಳಿಕ, "ಸರ್, ನಮ್ಮ ಸಾಲಿಗೆ ಒಬ್ಬ ಹುಡುಗ ಹದಿನೈದು ದಿನದಿಂದ ಬಂದಿಲ್ಲ. ಇವತ್ತ ಸಂಜೀಕ ಹೋಗಿ ಬರತೀನ್ರಿ" ಎಂದ.