ಮೂಡಿಗೆರೆಯಲ್ಲಿ ಕಂಡ ನೆನಪಿನ ಜಾಲರಿ

ಚಿಕ್ಕಮಗಳೂರು ದಾಟಿ ಮೂಡಿಗೆರೆಯ ದಾರಿ ಹಿಡಿದರೆ ತೇಜಸ್ವಿ ನೆನಪಾಗದೆ ಇರುವುದು ಹೇಗೆ? 1980ರಲ್ಲಿ ಬಂದ ಅವರ ‘ಕರ್ವಾಲೊ’ ಕಾದಂಬರಿಯಲ್ಲಿ ಹಾರುವ ಓತಿಯನ್ನು ಹುಡುಕಿ ಹೊರಟದ್ದು ಈ ಸೀಮೆಯ ಕಾಡಿನಲ್ಲೇ. ನಾನು ಹುಡುಕಿ ಬಂದದ್ದೂ ಅಳಿದುಹೋದ ಒಂದು ಕುಲದ ಕುರುಹನ್ನು. ಕೋಣೆ ತುಂಬುತ್ತಿದ್ದ ಮೇನ್‌ಫ್ರೇಮ್‌ಗೂ ಇಂದಿನ ಮೇಜಿನ ಮೇಲಿನ ಕಂಪ್ಯೂಟರಿಗೂ ನಡುವಿನ ಕೊಂಡಿಯಾದ ಮಿನಿಕಂಪ್ಯೂಟರ್ ಅದು.

ಕೊಟ್ಟಿಗೆಹಾರದ ಕಡೆಗೆ, ರಸ್ತೆಯಿಂದ ಒಳಗೆ ಒಂದು ತೋಟದ ಮನೆ. ಬೆಂಗಳೂರಿನಲ್ಲಿ ಎಂಜಿನಿಯರ್ ಆಗಿದ್ದು ಊರಿಗೆ ಮರಳಿದ ಯಜಮಾನರು ಕಾಫಿ ಕೊಟ್ಟರು. ಆಮೇಲೆ ಗಾಳಿಯಾಡದ ಡಬ್ಬಿಯಿಂದ, ಬಟ್ಟೆಯಲ್ಲಿ ಸುತ್ತಿಟ್ಟ ಅಂಗೈಯಗಲದ ಹಲಗೆಯೊಂದನ್ನು ತೆಗೆದರು. ಮಲೆನಾಡಿನ ಮಳೆಗಾಲದಲ್ಲಿ ಬೂಸ್ಟು ಹಿಡಿಯದ ವಸ್ತು ಯಾವುದಿದೆ!

“ಬೆಳಕಿಗೆ ಹಿಡಿದು ನೋಡಿ ಮಾರಾಯ್ರೆ” ಎಂದು ಭೂತಗನ್ನಡಿ ಕೈಗಿತ್ತರು.

ಬಟ್ಟೆಯ ಜಾಲರಿಯೆಂದುಕೊಂಡದ್ದು ತಾಮ್ರದ ತಂತಿಗಳು! ತಂತಿ ತಂತಿ ಸೇರುವಲ್ಲೆಲ್ಲ ಸಾಸಿವೆಗಿಂತ ಸಣ್ಣ ಕಪ್ಪು ಉಂಗುರ. ಮಿನಿಕಂಪ್ಯೂಟರಿನ ನೆನಪು ಇದೇ: ಒಂದು ಉಂಗುರ ಒಂದು ಬಿಟ್. ಈ ಕಡೆ ಕಾಂತೀಯವಾದರೆ ಸೊನ್ನೆ, ಆ ಕಡೆಯಾದರೆ ಒಂದು. ಕರೆಂಟು ಹೋದರೂ ಮರೆಯುವುದಿಲ್ಲ. 1965ರಲ್ಲಿ ಅಮೆರಿಕದ ಡಿಇಸಿ ಕಂಪನಿ ತಂದ ಪಿಡಿಪಿ-8 ಎಂಬ ಮಿನಿಕಂಪ್ಯೂಟರಿನ ಮೂಲ ನೆನಪು 12 ಬಿಟ್‌ನ 4,096 ಪದಗಳು, ಅಂದರೆ 49,152 ಉಂಗುರಗಳು. ಇಂಥ ಜಾಲರಿಗಳನ್ನು ಹೆಣ್ಣುಮಕ್ಕಳು ಸೂಕ್ಷ್ಮದರ್ಶಕದಡಿ ಕೈಯಲ್ಲೇ ಪೋಣಿಸುತ್ತಿದ್ದರು. ಆ ಕೈಗಳನ್ನು ನೆನೆದು ನನಗೆ ಮಾತೇ ಹೊರಡಲಿಲ್ಲ.

ಯಜಮಾನರು ಕೆಲಸಕ್ಕಿದ್ದಲ್ಲಿ ಹಳೆಯ ಯಂತ್ರ ಗುಜರಿಗೆ ಹೊರಟಿತ್ತಂತೆ. ಹಲಗೆಗಳ ಅಂಚಿಗೆ ಚಿನ್ನದ ಲೇಪ ಇರುವುದರಿಂದ ಗುಜರಿಯಲ್ಲಿ ಒಡೆಯುವುದೇ ಅದಕ್ಕಾಗಿ. ಇವರು ಕೇಳಿ ಉಳಿಸಿಕೊಂಡದ್ದು ಇದೊಂದೇ.

ನಮ್ಮಲ್ಲೂ ಈ ಕುಲ ದೊಡ್ಡದಿತ್ತು. ಹೈದರಾಬಾದಿನ ಇಸಿಐಎಲ್ ಕಂಪನಿ ಟಿಡಿಸಿ-12 ಎಂಬ ಮಿನಿಕಂಪ್ಯೂಟರ್ ಕಟ್ಟಿತು. 1983ರಲ್ಲಿ ಬೆಂಗಳೂರಿಗೆ ಬಂದ ಇನ್ಫೋಸಿಸ್‌ನ ಮೊದಲ ಕಂಪ್ಯೂಟರ್ ಡೇಟಾ ಜನರಲ್‌ನ ಎಂವಿ/8000 ಎಂಬ ಮಿನಿ. ಸಾಫ್ಟ್‌ವೇರ್ ರಾಜಧಾನಿ ಎಂದು ಬೀಗುವ ನಾವು ಅದರ ಬೇರುಗಳನ್ನು ಕಿಲೋ ಲೆಕ್ಕದಲ್ಲಿ ಮಾರಿದ್ದು ಸಂಕಟದ ಸಂಗತಿ. ಕಂಪ್ಯೂಟರಿನಲ್ಲಿ ಕನ್ನಡ ನೆಲೆಯೂರಬೇಕೆಂದು ಕೊನೆಯ ವರ್ಷಗಳಲ್ಲಿ ಹೋರಾಡಿದ ತೇಜಸ್ವಿಯವರ ಊರಿನಲ್ಲಿ ನಿಂತಾಗ ಅದು ಇನ್ನಷ್ಟು ಚುಚ್ಚುತ್ತದೆ.

ಮರುದಿನ ಕಳಸಕ್ಕೆ ಹೋದೆ. ಭದ್ರೆ ತುಂಬಿ ಹರಿಯುತ್ತಿದ್ದಳು. ಕಲಶೇಶ್ವರನ ಮೆಟ್ಟಿಲ ಮೇಲೂ ಕಣ್ಣಮುಂದೆ ಅದೇ ಜಾಲರಿ.

ತೋಟದ ಆಫೀಸಿನ ಅಟ್ಟದಲ್ಲೋ, ಕ್ಯೂರಿಂಗ್ ವರ್ಕ್ಸ್‌ನ ಮೂಲೆಯಲ್ಲೋ, ಹಳೆಯ ಬ್ಯಾಂಕಿನ ಉಗ್ರಾಣದಲ್ಲೋ ಇಂಥ ಯಂತ್ರ ಕಂಡರೆ ದಯವಿಟ್ಟು ಗುಜರಿಯವನನ್ನು ಕರೆಯಬೇಡಿ. ಆಸೆಗೆ ಬಿದ್ದು ಸ್ವಿಚ್ ಕೂಡ ಒತ್ತಬೇಡಿ. ಒಣಗಿದ ಕೆಪಾಸಿಟರ್‌ಗಳು ಸಿಡಿದಾವು. ಕೈಪಿಡಿ, ಟೇಪು, ಚೀಟಿ, ಏನಿದ್ದರೂ ಒಣಜಾಗದಲ್ಲಿಡಿ. ಅದನ್ನು ನಡೆಸಿದವರು ಇನ್ನೂ ನಮ್ಮ ನಡುವೆ ಇದ್ದಾರೆ, ಅವರನ್ನು ಕೂರಿಸಿಕೊಂಡು ಕೇಳಿ ಬರೆದಿಡಿ.