ಪುಟ್ಟಿಗೆ ಇಂಟರ್ವ್ಯೂ, ಪರೀಕ್ಷೆ ನನಗೆ

ಭಾನುವಾರ ರಾತ್ರಿ ಎಂಟು ಗಂಟೆ ಅಂದರೆ ನಮ್ಮನೆಯಲ್ಲಿ ಊಟದ ಹೊತ್ತು. ಇಂಗ್ಲೆಂಡಿನಲ್ಲಿರುವ ಅಕ್ಕನ ಮಗಳಿಗೆ ಆಗ ಮಧ್ಯಾಹ್ನ ಎರಡೂವರೆ. ಹೋದ ನವೆಂಬರ್‌ನಿಂದ ಜನವರಿವರೆಗೆ ಹೆಚ್ಚುಕಮ್ಮಿ ಪ್ರತಿ ಭಾನುವಾರ ನಾನು ಒಂದು ಕೈಯಲ್ಲಿ ಮುದ್ದೆ ಮುರೀತಾ, ಇನ್ನೊಂದು ಕೈಯಲ್ಲಿ ಫೋನ್ ನಿಲ್ಲಿಸಿಕೊಂಡು ಅವಳ ಇಂಟರ್ವ್ಯೂ ಮಾಡಿದ್ದೇನೆ. ಅವಳೋ, ಮನೆಯೊಳಗೇ ಕೂತಿದ್ದರೂ ಕೋಟು ಹಾಕಿಕೊಂಡು, ತಲೆ ಬಾಚಿಕೊಂಡು, ನಿಜವಾದ ಇಂಟರ್ವ್ಯೂ ಥರಾನೇ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದಳು. ಮನೆಯಲ್ಲಿ ಅವಳನ್ನು ಎಲ್ಲರೂ ಕರೆಯೋದು ಪುಟ್ಟಿ ಅಂತ. ವಯಸ್ಸು ಹದಿನೇಳು. ಅವಳಿಗೆ ಪಶುವೈದ್ಯೆ ಆಗಬೇಕು.

ನಾನು ಹಾಸನ ಜಿಲ್ಲೆಯ ಒಂದು ಹೋಬಳಿಯಲ್ಲಿ ಸರ್ಕಾರಿ ಪಶು ವೈದ್ಯಾಧಿಕಾರಿ. "ನೀನು ಅದೇ ಡಾಕ್ಟ್ರಲ್ವೇನೇ, ಇವಳಿಗೆ ಒಂಚೂರು ಹೇಳ್ಕೊಡೆ" ಅಂತ ಅಕ್ಕ ಫೋನ್ ಮಾಡಿದಾಗ ನನಗೆ ನಗು ಬಂತು. ನನ್ನನ್ನು ಯಾರೂ ಇಂಟರ್ವ್ಯೂ ಮಾಡಿಯೇ ಇಲ್ಲ. 2008ರಲ್ಲಿ ಸಿಇಟಿ ಬರೆದೆ. ಅಪ್ಪನ ಪಹಣಿ ಹಿಡಿದು ಕೃಷಿಕರ ಕೋಟಾದ ಪ್ರಾಯೋಗಿಕ ಪರೀಕ್ಷೆಗೂ ಹೋದೆ. ಅಲ್ಲಿ ಬೀಜ, ಗೊಬ್ಬರ, ಸಲಕರಣೆ ಎಲ್ಲ ಮುಂದಿಟ್ಟು ಇದೇನು, ಅದೇನು ಅಂತ ಗುರುತಿಸೋಕೆ ಹೇಳುತ್ತಾರೆ. ಯಾಕೆ ಬಂದೆ ಅಂತ ಕೇಳೋದಿಲ್ಲ. ಆಮೇಲೆ ಮಲ್ಲೇಶ್ವರಂನಲ್ಲಿ ಕೌನ್ಸೆಲಿಂಗ್. ಅಪ್ಪ ಪಕ್ಕದಲ್ಲಿ ಕೂತು "ಮೆಡಿಕಲ್ ಸಿಗಲ್ವಲ್ಲಮ್ಮ, ಇದು ತಗೋ, ಗೌರ್ಮೆಂಟ್ ಕೆಲಸ ಗ್ಯಾರಂಟಿ" ಅಂದರು. ತಗೊಂಡೆ. ಒಂದು ರ‍್ಯಾಂಕ್, ಒಂದು ನಿಮಿಷ, ಒಂದು ಸಹಿ. ಹೆಬ್ಬಾಳದ ಕಾಲೇಜು ಸಿಕ್ಕಿತು.

ಅವರಲ್ಲಿ ಕಥೆಯೇ ಬೇರೆ. ವೆಟರ್ನರಿಗೆ ಯೂಕ್ಯಾಸ್ ಮೂಲಕ ಅಕ್ಟೋಬರ್ 15ರೊಳಗೆ ಅರ್ಜಿ ಹಾಕಬೇಕು. ಹೆಚ್ಚೆಂದರೆ ನಾಲ್ಕು ಕಾಲೇಜು. ಮಾರ್ಕ್ಸ್ ಒಂದೇ ಸಾಲದು. ಡೇರಿ ಫಾರ್ಮ್, ಕುರಿ ಫಾರ್ಮ್, ಕ್ಲಿನಿಕ್ ಅಂತ ಅಲೆದು ಕೆಲಸ ಮಾಡಿದ ಅನುಭವ ತೋರಿಸಬೇಕು. ಅದಾದ ಮೇಲೆ ಇಂಟರ್ವ್ಯೂ. ತುಂಬ ಕಡೆ ಅದಕ್ಕೆ ಎಂಎಂಐ ಅನ್ನುತ್ತಾರೆ. ನಮ್ಮ ಆರೋಗ್ಯ ಶಿಬಿರಗಳಲ್ಲಿ ಬಿಪಿಗೊಂದು ಟೇಬಲ್ಲು, ಕಣ್ಣಿಗೊಂದು ಟೇಬಲ್ಲು ಇರುತ್ತಲ್ಲ, ಹಾಗೆ ಸಾಲಾಗಿ ಟೇಬಲ್ಲು. ಒಂದೊಂದರಲ್ಲಿ ಐದೋ ಹತ್ತೋ ನಿಮಿಷ. ಗಂಟೆ ಹೊಡೆದ ತಕ್ಷಣ ಎದ್ದು ಮುಂದಿನದಕ್ಕೆ. ಒಂದರಲ್ಲಿ ನೀತಿಯ ಪ್ರಶ್ನೆ, ಒಂದರಲ್ಲಿ ಲೆಕ್ಕ, ಇನ್ನೊಂದರಲ್ಲಿ ನಟರೊಬ್ಬರು ಪ್ರಾಣಿಯ ಮಾಲೀಕರಾಗಿ ಅಳುತ್ತಲೋ ಕೂಗಾಡುತ್ತಲೋ ಕೂತಿರುತ್ತಾರೆ, ಅವರ ಜೊತೆ ಮಾತಾಡಬೇಕು. ಹಿಂದಿನ ಟೇಬಲ್ಲಿನಲ್ಲಿ ಎಡವಿದರೂ ಮುಂದಿನದರಲ್ಲಿ ಹೊಸಬಳಾಗಿ ಶುರು ಮಾಡಬಹುದು. ಇದೊಂದು ನನಗೆ ಹಿಡಿಸಿತು.

ಮೊದಲ ಭಾನುವಾರ ಸುಲಭದ್ದೇ ಕೇಳಿದೆ. ಯಾಕೆ ವೆಟ್ ಆಗಬೇಕು? ಪುಟ್ಟಿ ಉಸಿರು ಎಳೆದುಕೊಂಡು, ಚಿಕ್ಕಂದಿನಿಂದ ನನಗೆ ಪ್ರಾಣಿಗಳೆಂದರೆ ಪ್ರಾಣ, ವಿಜ್ಞಾನ ಮತ್ತು ಕರುಣೆ ಎರಡೂ ಸೇರುವ ವೃತ್ತಿ ಇದು, ಅಂತ ಗಡಿಯಾರದ ಥರ ಒಪ್ಪಿಸಿದಳು. ಎಲ್ಲಿಂದ ಎತ್ತಿದ್ದು ಅಂದೆ. ನಕ್ಕಳು.

"ಪ್ರಾಣಿ ಇಷ್ಟ ಅಂದ್ರೆ ನಾಯಿ ಸಾಕು. ಡಾಕ್ಟ್ರು ಯಾಕಾಗ್ಬೇಕು?"

"ನೀನ್ಯಾಕಾದೆ ಚಿಕ್ಕಿ?"

ಮೆಡಿಕಲ್ ಸಿಗಲಿಲ್ಲ, ಅದಕ್ಕೆ. ಇಷ್ಟು ಹೇಳೋಕೆ ನನಗೆ ಒಂದು ನಿಮಿಷ ಬೇಕಾಯಿತು. ಅವಳ ಮುಖದಲ್ಲಿ ಆಶ್ಚರ್ಯ. ಅವಳ ಪಾಲಿಗೆ ನಾನು ಹುಟ್ಟುತ್ತಲೇ ಸ್ಟೆತಾಸ್ಕೋಪ್ ಹಾಕಿಕೊಂಡು ಬಂದವಳು. ಕಾಲೇಜಿನ ಎರಡನೇ ವರ್ಷದವರೆಗೂ ನಾನು ಮತ್ತೆ ಸಿಇಟಿ ಬರೀತೀನಿ ಅಂತ ಪುಸ್ತಕ ಇಟ್ಟುಕೊಂಡಿದ್ದೆ ಅನ್ನೋದನ್ನೂ ಹೇಳಿದೆ. ನನ್ನ ಬ್ಯಾಚಿನಲ್ಲಿ ಹಾಗೆ ಬಂದವರೇ ಜಾಸ್ತಿ, ಬಾಯಿ ಬಿಡೋದಿಲ್ಲ ಅಷ್ಟೇ.

ಆಮೇಲೆ ಅವಳ ಒಪ್ಪಿಸೋದು ನಿಂತಿತು. ಹಿಂದಿನ ವಸಂತದಲ್ಲಿ ಎರಡು ವಾರ ಕುರಿ ಫಾರ್ಮ್‌ನಲ್ಲಿ ಮರಿ ಹಾಕಿಸುವ ಕೆಲಸಕ್ಕೆ ಹೋಗಿದ್ದಳಲ್ಲ, ಅದನ್ನೇ ಕೇಳಿದೆ. ಅರ್ಜಿಯಲ್ಲಿ ಅವಳು ಬರೆದಿದ್ದು 'ನವಜಾತ ಮರಿಗಳ ಆರೈಕೆ ಕಲಿತೆ' ಅಂತ. ಬಾಯಲ್ಲಿ ಬಂದಿದ್ದು ಬೇರೆ. ಒಂದು ಕುರಿಗೆ ಮರಿ ಸತ್ತು ಹುಟ್ಟಿತಂತೆ. ಇನ್ನೊಂದು ತಬ್ಬಲಿ ಮರಿ ಇತ್ತು. ರೈತ ಆ ಸತ್ತ ಮರಿಯ ಚರ್ಮ ಸುಲಿದು ಅಂಗಿ ಥರ ತಬ್ಬಲಿ ಮರಿಗೆ ತೊಡಿಸಿದ. ತಾಯಿ ಮೂಸಿ ನೋಡಿ, ತನ್ನದೇ ಅಂದುಕೊಂಡು ಮೊಲೆ ಕೊಟ್ಟಿತು. "ಸುಲಿಯುವಾಗ ನಾನು ಕಾಲು ಹಿಡ್ಕೊಂಡಿದ್ದೆ ಚಿಕ್ಕಿ. ವಾಂತಿ ಬರೋ ಹಾಗಾಯ್ತು. ಆದ್ರೆ ಆ ಮರಿ ಹಾಲು ಕುಡೀವಾಗ ಬಾಲ ಅಲ್ಲಾಡಿಸ್ತಲ್ಲ..." ಅಂತ ಅಲ್ಲಿಗೇ ನಿಲ್ಲಿಸಿದಳು.

ನಮ್ಮ ಕಡೆಯೂ ಕರು ಸತ್ತರೆ ಚರ್ಮಕ್ಕೆ ಹುಲ್ಲು ತುಂಬಿ ಹಸುವಿನ ಮುಂದೆ ನಿಲ್ಲಿಸಿ ಹಾಲು ಕರೀತಿದ್ದರು, ನಮ್ಮಜ್ಜಿ ಮಾಡಿದ್ದನ್ನು ನಾನೇ ನೋಡಿದ್ದೇನೆ ಅಂದೆ. ಅಲ್ಲಿ ಮೋಸದಿಂದ ಒಂದು ಮರಿ ಉಳಿಯಿತು, ಇಲ್ಲಿ ಮೋಸದಿಂದ ಹಾಲು ಸಿಕ್ಕಿತು. ಎರಡೂ ಒಂದೇನಾ? ಅವತ್ತು ಅರ್ಧ ಗಂಟೆ ಇದೇ ಮಾತು. ನನ್ನ ಮುದ್ದೆ ಆರಿ ಕಲ್ಲಾಗಿತ್ತು. ಇಂಟರ್ವ್ಯೂ ತಯಾರಿ ಅಂತ ಏನಾದರೂ ನಡೆದಿದ್ದರೆ ಅದು ಅವತ್ತು.

ಉಳಿದ ವಿಷಯಗಳನ್ನು ಅವಳು ಓದಿಯೇ ಕಲಿತಳು, ನಾನೂ ಜೊತೆಗೆ ಕಲಿತೆ. ಪಗ್, ಫ್ರೆಂಚ್ ಬುಲ್‌ಡಾಗ್ ಥರದ ಚಪ್ಪಟೆ ಮೂತಿಯ ನಾಯಿಗಳನ್ನು ಚೆಂದ ಅಂತ ಸಾಕುತ್ತಾರೆ, ಅವಕ್ಕೆ ಉಸಿರಾಡೋದೇ ಕಷ್ಟ. ಅಂಥ ತಳಿ ಬೆಳೆಸೋದು ಸರಿಯೇ? ದನಗಳ ಕ್ಷಯಕ್ಕೆ ಕುತ್ತಿಗೆಯ ಚರ್ಮಕ್ಕೆ ಚುಚ್ಚಿ ಮೂರು ದಿನ ಬಿಟ್ಟು ಊತ ಅಳೆಯುತ್ತಾರೆ. ರೋಗ ಇದೆ ಅಂತ ಬಂದರೆ ಆ ದನವನ್ನು ಕೊಲ್ಲಲೇಬೇಕು. ಆ ರೋಗ ಹಬ್ಬಿಸುತ್ತೆ ಅಂತ ಬ್ಯಾಜರ್ ಎಂಬ ಬಿಲ ತೋಡುವ ಕಾಡುಪ್ರಾಣಿಯನ್ನೂ 2013ರಿಂದ ಕೊಲ್ಲಿಸಿದ್ದಾರೆ, ಅದರ ಬಗ್ಗೆ ಅಲ್ಲಿ ದೊಡ್ಡ ಜಗಳ. ಕಾಲುಬಾಯಿ ರೋಗ 2001ರಲ್ಲಿ ಬಂದಾಗ ಬ್ರಿಟನ್ನಿನಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿಗಳನ್ನು ಕೊಂದರು. "ನಿಮ್ಮಲ್ಲಿ ಬಂದ್ರೆ?" ಅಂತ ಕೇಳಿದಳು. ನಮ್ಮಲ್ಲಿ ಅದು ಬರುತ್ತಾನೇ ಇರುತ್ತೆ ಪುಟ್ಟಿ, ಆರು ತಿಂಗಳಿಗೊಮ್ಮೆ ಲಸಿಕೆ ಹಾಕ್ತೀವಿ, ಬಂದರೆ ಬಾಯಿ ತೊಳೆದು, ಗೊರಸು ತೊಳೆದು, ಗಂಜಿ ಕುಡಿಸಿ ಉಳಿಸಿಕೊಳ್ತೀವಿ ಅಂದೆ. ಅದೇ ರೋಗ, ಅದೇ ವೈರಸ್ಸು. ಅವಳು ಬರೆದುಕೊಂಡಳು.

ಈ ವೃತ್ತಿಯ ಕಷ್ಟ ಏನು ಅಂತಲೂ ಅಲ್ಲಿ ಕೇಳುತ್ತಾರೆ. ನನಗೆ ಮೊದಲು ನೆನಪಾಗೋದು ಕೆಲಸಕ್ಕೆ ಸೇರಿದ ವರ್ಷ. ಹೆರಿಗೆ ಕಷ್ಟವಾದ ಎಮ್ಮೆ ನೋಡೋಕೆ ಹೋದರೆ, ಬಾಗಿಲಲ್ಲೇ "ಗಂಡಸ್ರು ಯಾರೂ ಬರ್ಲಿಲ್ವಾ?" ಅಂದಿದ್ದರು. ಪುಟ್ಟಿಗೆ ಇದು ಅರ್ಥವೇ ಆಗಲಿಲ್ಲ. ಅಲ್ಲಿ ವೆಟರ್ನರಿ ಓದೋರಲ್ಲಿ ಹುಡುಗಿಯರೇ ಹೆಚ್ಚು.

ಡಿಸೆಂಬರಿನ ಒಂದು ಭಾನುವಾರ ಮಾಲೀಕರ ಪಾತ್ರದ ಅಭ್ಯಾಸ. ನಾನು ಹಣವಿಲ್ಲದ ಒಬ್ಬ ಮುದುಕಪ್ಪ. ನಾಯಿಗೆ ಆಪರೇಷನ್ ಆಗಬೇಕು, ಇನ್ಶೂರೆನ್ಸ್ ಇಲ್ಲ, ಆಪರೇಷನ್ ಆದರೂ ಬದುಕೋದು ಅನುಮಾನ. ನಾನು ದನಿ ಬದಲಿಸಿ "ಇವನು ಬಿಟ್ರೆ ನಂಗ್ಯಾರೂ ಇಲ್ಲ ಡಾಕ್ಟ್ರೇ" ಅಂದೆ. ನಮ್ಮ ಯಜಮಾನರು ಅಡುಗೆಮನೆಯಿಂದ ಇಣುಕಿ ನೋಡಿದರು. ಪುಟ್ಟಿ ಮುಂದಕ್ಕೆ ಬಾಗಿ, ತುಂಬ ಮೆತ್ತಗೆ ಹೇಳಿದಳು: "ಚಿಂತೆ ಮಾಡ್ಬೇಡಿ. ಎಲ್ಲ ಸರಿ ಹೋಗುತ್ತೆ."

"ಯಾರು ಹೇಳಿದ್ರು ನಿಂಗೆ ಸರಿ ಹೋಗುತ್ತೆ ಅಂತ?" ಅಂದೆ. ನಾನಂದುಕೊಂಡದ್ದಕ್ಕಿಂತ ಜೋರಾಗಿಯೇ ಬಂತು. "ನಿಂಗೆ ಗೊತ್ತಾ ಅದು? ಗೊತ್ತಿಲ್ದೆ ಯಾಕೆ ಹೇಳ್ತೀಯ?"

ಅವಳ ಕಣ್ಣು ತುಂಬಿತು. "ಯಾಕ್ ಬೈತೀಯ ಚಿಕ್ಕಿ? ಇದು ಪ್ರಾಕ್ಟೀಸ್ ತಾನೆ?"

ಅವಳ ಮೇಲೆ ಬಂದ ಸಿಟ್ಟಲ್ಲ ಅದು. ಹೇಳಬೇಕಾಯಿತು.

2022ರ ಕೊನೆಯಲ್ಲಿ ಚರ್ಮಗಂಟು ರೋಗ ನಮ್ಮ ಕಡೆ ಹಬ್ಬಿತ್ತು. ಹಸುಗಳ ಮೈತುಂಬ ನಿಂಬೆಹಣ್ಣಿನಷ್ಟು ಗಂಟು, ಜ್ವರ, ಕಾಲು ಊತ. ಮೇಕೆ ಸಿಡುಬಿನ ಲಸಿಕೆಯನ್ನೇ ದನಗಳಿಗೆ ಹಾಕುತ್ತಾ ಊರೂರು ಸುತ್ತುತ್ತಿದ್ದೆವು. ಬಂದ ಹಸುಗಳಲ್ಲಿ ಹೆಚ್ಚಿನವು ಉಳಿದುಕೊಳ್ಳುತ್ತಿದ್ದವು, ಅದೇ ಧೈರ್ಯ. ಒಂದು ಊರಿನಲ್ಲಿ ಒಬ್ಬರೇ ಇರುವ ಅಜ್ಜಿ. ಒಂದೇ ಹಸು. ಎರಡು ಹೊತ್ತೂ ಡೇರಿಗೆ ಹಾಲು ಹಾಕಿ ಜೀವನ. ನಾನು ಹೋದಾಗ ಹಸುವಿಗೆ ಉಸಿರಾಟ ಸರಿ ಇರಲಿಲ್ಲ, ಎದೆಗೆ ಸ್ಟೆತಾಸ್ಕೋಪ್ ಇಟ್ಟಾಗಲೇ ನನಗೆ ಗೊತ್ತಾಗಿತ್ತು. "ಉಳ್ಕೊಳ್ತದಾ ಡಾಕ್ಟ್ರಮ್ಮ?" ಅಂದರು. ಅವತ್ತು ಅದು ಹದಿನಾಲ್ಕನೇ ಮನೆ. ಸಂಜೆಯಾಗಿತ್ತು. "ಏನಾಗಲ್ಲ ಅಜ್ಜಿ, ಸರಿ ಹೋಗುತ್ತೆ" ಅಂದು ಇಂಜೆಕ್ಷನ್ ಕೊಟ್ಟು ಬೈಕ್ ಹತ್ತಿದೆ. ನಾಲ್ಕನೇ ದಿನ ಹಸು ಸತ್ತಿತು.

"ಆಮೇಲೆ ಹೋಗಿ ಮಾತಾಡಿದ್ಯಾ?" ಪುಟ್ಟಿ ಕೇಳಿದಳು.

ಹೋಗಲಿಲ್ಲ. ಪರಿಹಾರದ ಕಾಗದಕ್ಕೆ ಸಹಿ ಹಾಕಿ ಆಸ್ಪತ್ರೆಯ ಹುಡುಗನ ಕೈಲಿ ಕಳಿಸಿದೆ. ಆ ಬೀದಿಯಲ್ಲಿ ಬೇರೆ ಕೆಲಸವಿದ್ದರೂ ಅವನನ್ನೇ ಕಳಿಸುತ್ತಿದ್ದೆ, ನಾನು ನಾಲೆ ಏರಿಯ ಮೇಲೆ ಸುತ್ತಿಕೊಂಡು ಹೋಗುತ್ತಿದ್ದೆ. ಎರಡು ವರ್ಷ.

ಪುಟ್ಟಿ ಏನೂ ಹೇಳಲಿಲ್ಲ. ಫೋನ್ ಕಟ್ಟಾಯಿತೇನೋ ಅಂತ ನೋಡಿದೆ. ಇಲ್ಲ, ಅವಳು ನನ್ನನ್ನೇ ನೋಡುತ್ತಾ ಕೂತಿದ್ದಳು. ಸಮಾಧಾನ ಹೇಳಲಿಲ್ಲ, ಪಾಠವನ್ನೂ ಹೇಳಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನಾನೇ "ನೋಡು, ಮುದುಕಪ್ಪನಿಗೂ ಹೀಗೇ ಕೂತ್ಕೊ" ಅಂದೆ. ಇಬ್ಬರೂ ನಕ್ಕೆವು. ಆಮೇಲೆ ಅದೇ ಪಾತ್ರವನ್ನು ಇನ್ನೂ ಮೂರು ಸಲ ಮಾಡಿದೆವು. ಗೊತ್ತಿರೋದನ್ನು ಹೇಳು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಅನ್ನು, ಇರುವ ದಾರಿಗಳನ್ನು ಒಂದೊಂದಾಗಿ ಮುಂದಿಡು, ಅವರು ಅಳುವಾಗ ಮಾತಾಡಬೇಡ. ಬರೆಯೋಕೆ ಒಂದು ಸಾಲು. ಆ ಹುಡುಗಿಗೆ ಐದು ಸೆಕೆಂಡ್ ಸುಮ್ಮನಿರೋದು ಕಲಿಸೋಕೆ ಎರಡು ಭಾನುವಾರ ಹಿಡಿಯಿತು.

ಹಸುವಿನ ವಿಷಯ ಇಂಟರ್ವ್ಯೂನಲ್ಲಿ ಹೇಳಲಾ ಅಂತ ಕೇಳಿದಳು. ಬೇಡ ಅಂದೆ, ಅದು ನನ್ನದು, ನಿನ್ನ ಹತ್ರ ಕುರಿಮರಿ ಇದೆಯಲ್ಲ.

ನಾಲ್ಕರಲ್ಲಿ ಒಂದು ಕಾಲೇಜು ಇಂಟರ್ವ್ಯೂಗೇ ಕರೆಯಲಿಲ್ಲ. ಮೂರು ಕಡೆ ಹೋದಳು. ಏನು ಕೇಳಿದರು ಅಂತ ಹೊರಗೆ ಹೇಳೋ ಹಾಗಿಲ್ಲವಂತೆ, ಒಪ್ಪಿಗೆ ಬರೆಸಿಕೊಂಡಿದ್ದಾರೆ. ಅಕ್ಕ ಎಷ್ಟು ಕೇಳಿದರೂ ಬಾಯಿ ಬಿಡಲಿಲ್ಲ. ನನಗೆ ಮಾತ್ರ ಒಂದು ಮೆಸೇಜ್ ಕಳಿಸಿದಳು: "ಒಂದು ಕಡೆ ನಾನು ಸುಮ್ಮನಿದ್ದೆ ಚಿಕ್ಕಿ. ತುಂಬ ಹೊತ್ತು. ಸರಿಯೋ ತಪ್ಪೋ ಗೊತ್ತಿಲ್ಲ." ಎರಡು ಕಡೆಯಿಂದ ಇಲ್ಲ ಅಂತ ಬಂತು. ಅಕ್ಕ ಫೋನಿನಲ್ಲಿ ಅತ್ತಳು. ಮೂರನೆಯವರು ಎ ಲೆವೆಲ್‌ನಲ್ಲಿ ಮೂರೂ ಎ ಬಂದರೆ ಸೀಟು ಅಂದಿದ್ದಾರೆ. ಪುಟ್ಟಿ ಈಗ ಓದುತ್ತಿದ್ದಾಳೆ, ಭಾನುವಾರದ ಫೋನ್ ಹದಿನೈದು ದಿನಕ್ಕೊಮ್ಮೆ ಆಗಿದೆ.

ಇತ್ತ ನಮ್ಮಲ್ಲಿ ಕಾಲುಬಾಯಿ ಲಸಿಕೆಯ ಸುತ್ತು ಶುರುವಾಯಿತು. ಬೆಳಿಗ್ಗೆ ಆರಕ್ಕೆ ಐಸ್ ಡಬ್ಬಿ ಕಟ್ಟಿಕೊಂಡು ಹೊರಡೋದು. ದನಗಳು ಮೇಯೋಕೆ ಹೋಗೋದರೊಳಗೆ ಮುಗಿಸಬೇಕು. ಆ ಊರಿನ ಆ ಬೀದಿಗೆ ನಾನೇ ಹೋಗ್ತೀನಿ ಅಂದೆ. ಆಸ್ಪತ್ರೆಯ ಹುಡುಗ ನನ್ನ ಮುಖ ನೋಡಿದ, ಏನೂ ಕೇಳಲಿಲ್ಲ.

ಅಜ್ಜಿಯ ಮನೆ ಮುಂದೆ ಒಂದು ಕಡಸು ಕಟ್ಟಿತ್ತು. ಚೆನ್ನಾಗಿ ಸಾಕಿದ್ದರು, ಮೈ ಮಿಂಚುತ್ತಿತ್ತು. ಅವರು ಜಗಲಿಯಿಂದಲೇ "ಬಾರವ್ವ" ಅಂದರು. ನಾನು ಸಿರಿಂಜಿಗೆ ಲಸಿಕೆ ಎಳೆಯುತ್ತಾ, ಅವರ ಮುಖ ನೋಡದೆಯೇ ಹೇಳಿದೆ:

"ಅಜ್ಜಿ, ಅವತ್ತು ನಿಮ್ಮ ಹಸು ನೋಡೋಕೆ ಬಂದಾಗ ಏನಾಗಲ್ಲ ಅಂದಿದ್ದೆ. ಹಂಗನ್ನಬಾರದಿತ್ತು."

ಅಜ್ಜಿ ಸ್ವಲ್ಪ ಯೋಚನೆ ಮಾಡಿದರು.

"ಹಂಗಂದಿದ್ಯಾ? ನಂಗೆ ಗೆಪ್ತಿ ಇಲ್ಲ ಕಣವ್ವ. ಆಮೇಲೆ ನೀನು ಬರ್ಲಿಲ್ಲ. ಅದು ಗೆಪ್ತಿ ಐತೆ."

ನನ್ನ ಹತ್ತಿರ ಹೇಳೋಕೆ ಏನೂ ಇರಲಿಲ್ಲ. ಹೇಳಲೂ ಇಲ್ಲ. ಕಡಸಿನ ಕುತ್ತಿಗೆ ಸವರಿ ಲಸಿಕೆ ಚುಚ್ಚಿದೆ, ಅದು ಒಂದು ಸಲ ಒದರಿತು. ಹುಡುಗ ಕಿವಿಯೋಲೆಯ ಹನ್ನೆರಡು ಅಂಕಿ ಒಂದೊಂದಾಗಿ ಓದಿದ, ನಾನು ಫೋನಿಗೆ ಒತ್ತಿದೆ. ಏಳೂವರೆ ಆಗಿತ್ತು, ಆ ಬೀದಿಯಲ್ಲೇ ಇನ್ನೂ ಇಪ್ಪತ್ತು ದನ ಬಾಕಿ. ಅಜ್ಜಿ ಒಳಗೆ ಹೋಗಿ ಒಲೆ ಹಚ್ಚಿದ ಸದ್ದು ಕೇಳಿಸಿತು. ನಾನು ಡಬ್ಬಿ ಮುಚ್ಚಿ ಜಗಲಿಯ ಮೇಲೆ ಕೂತೆ.